ಹೆಸರು ಬದಲಿಸಿದರೆ ಸಾಲದು

ರಾಜಕೀಯ ವರದಿಗಾರಿಕೆಯಲ್ಲಿ ತಲೆ ನರೆತವರು ಕಾದಂಬರಿಯ ಹಸ್ತಪ್ರತಿ ಹಿಡಿದು ಸಂಪಾದಕನಾದ ನನ್ನ ಬಳಿ ಬಂದಾಗ, ಕಥೆ ಏನೆಂದು ನಾನು ಕೇಳುವ ಮೊದಲೇ ಅವರ ಬಾಯಿಂದ ಬರುವ ಮಾತು ಒಂದೇ: "ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ ಸರ್, ಏನೂ ತೊಂದರೆಯಿಲ್ಲ." ಸಾಕ್ಷ್ಯ ಸಾಲದೆ ಪತ್ರಿಕೆಯಲ್ಲಿ ಅಚ್ಚಾಗದೆ ಉಳಿದದ್ದನ್ನೆಲ್ಲ ಕಾದಂಬರಿಗೆ ಸುರಿದು, ಮೇಲೊಂದು ಕಲ್ಪಿತ ಹೆಸರು ಅಂಟಿಸಿದರೆ ಹೊಣೆ ಕಳೆಯಿತೆಂದು ಇಷ್ಟು ಓದಿಕೊಂಡವರು ಹೇಗೆ ನಂಬುತ್ತಾರೋ ನನಗೆ ಇನ್ನೂ ಅರ್ಥವಾಗಿಲ್ಲ. ಅಂಥವರ ಮುಂದೆ ನಾನು ಅಮೆರಿಕದ ಡೇವಿಡ್ ಗ್ರಹಾಂ ಫಿಲಿಪ್ಸ್‌ನ ವೃತ್ತಿಜೀವನವನ್ನು ಬಿಚ್ಚಿಡುತ್ತೇನೆ.

1867ರಲ್ಲಿ ಇಂಡಿಯಾನಾ ರಾಜ್ಯದ ಮ್ಯಾಡಿಸನ್‌ನಲ್ಲಿ ಹುಟ್ಟಿದ ಫಿಲಿಪ್ಸ್, ಸಿನ್ಸಿನ್ನಾಟಿಯಲ್ಲಿ ವರದಿಗಾರನಾಗಿ ಪಳಗಿ, ನ್ಯೂಯಾರ್ಕಿನ 'ಸನ್' ಪತ್ರಿಕೆಗೂ ಅಲ್ಲಿಂದ ಜೋಸೆಫ್ ಪುಲಿಟ್ಜರ್‌ನ 'ವರ್ಲ್ಡ್'ಗೂ ಹೋದವನು. 1901ರ ಅವನ ಮೊದಲ ಕಾದಂಬರಿ, ಸಿರಿ ಮತ್ತು ಸ್ಥಾನಮಾನಗಳಿಗಾಗಿ ಹಂತಹಂತವಾಗಿ ತನ್ನನ್ನು ಮಾರಿಕೊಳ್ಳುವ ಪತ್ರಕರ್ತನೊಬ್ಬನ ಕಥೆ. ಅದು ಜಾನ್ ಗ್ರಹಾಂ ಎಂಬ ಹೆಸರಿನಲ್ಲಿ ಹೊರಬಂತು. ಆಗ ಮರೆಯಾದದ್ದು ಲೇಖಕನ ಹೆಸರೇ ಹೊರತು ಪತ್ರಿಕಾಲಯದ ಬದುಕಲ್ಲ.

ಅವನನ್ನು ಮನೆಮಾತಾಗಿಸಿದ್ದು ಮಾತ್ರ ಹೆಸರು ಮುಚ್ಚಿಡದ ಬರಹ. 1906ರ ಮಾರ್ಚ್ ಸಂಚಿಕೆಯಿಂದ ಪತ್ರಿಕೋದ್ಯಮಿ ಹರ್ಸ್ಟ್‌ನ 'ಕಾಸ್ಮೊಪಾಲಿಟನ್' ಪತ್ರಿಕೆಯಲ್ಲಿ ಬಂದ 'ಸೆನೆಟ್‌ನ ದ್ರೋಹ' ಲೇಖನಮಾಲೆ ನ್ಯೂಯಾರ್ಕಿನ ಸೆನೆಟರ್ ಚಾನ್ಸಿ ಡಿಪ್ಯೂನಿಂದಲೇ ಆರಂಭವಾಯಿತು. ಈತ ಈಕ್ವಿಟಬಲ್ ವಿಮಾ ಸಂಸ್ಥೆಯಿಂದ ವರ್ಷಕ್ಕೆ 20,000 ಡಾಲರ್ ಪಡೆಯುತ್ತಿದ್ದುದು ಅದರ ಹಿಂದಿನ ವರ್ಷದ ಅಧಿಕೃತ ತನಿಖೆಯಲ್ಲಿ ಬಯಲಾಗಿತ್ತು. ಸೆನೆಟರುಗಳನ್ನು ಜನರಲ್ಲ, ರಾಜ್ಯಗಳ ಶಾಸನಸಭೆಗಳು ಆರಿಸುತ್ತಿದ್ದ ಕಾಲವದು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಏಪ್ರಿಲ್ 14ರ ಭಾಷಣದಲ್ಲಿ ಕೆಸರನ್ನಷ್ಟೇ ಕೆದಕುವ ಬರಹಗಾರರನ್ನು ಖಂಡಿಸಿದ. ಸೆನೆಟರುಗಳ ನೇರ ಚುನಾವಣೆಗಾಗಿ ಸಂವಿಧಾನದ 17ನೆಯ ತಿದ್ದುಪಡಿ 1913ರಲ್ಲಿ ಜಾರಿಗೆ ಬಂತು. ಅದರ ಪೂರ್ತಿ ಶ್ರೇಯಸ್ಸನ್ನು ಈ ಲೇಖನಗಳಿಗೆ ಕಟ್ಟುವುದು ಅತಿಯಾದೀತು, ಏಕೆಂದರೆ ಆ ಬೇಡಿಕೆ ಅದಕ್ಕೂ ಹಳೆಯದು. ಅಂತೂ ಹೆಸರಿಟ್ಟು ಬರೆದದ್ದಕ್ಕೆ ಅವನಿಗೆ ಸಿಕ್ಕಿದ್ದು ಅಧ್ಯಕ್ಷನ ಕಟುಮಾತು.

ಗುಂಡು ಸಿಕ್ಕಿದ್ದು ಕಾದಂಬರಿಗೆ. 1909ರಲ್ಲಿ ಬಂದ, ವಾಷಿಂಗ್ಟನ್ನಿನ ರಾಜಕೀಯ ಮತ್ತು ಸಿರಿವಂತ ಸಮಾಜಗಳನ್ನು ಕುರಿತ 'ಜೋಶುವಾ ಕ್ರೇಗ್' ಕಥೆಯ ನಾಯಕಿ ಮಾರ್ಗರೆಟ್ ಸೆವೆರೆನ್ಸ್ ತನ್ನ ಸಹೋದರಿಯೇ ಎಂದು ನಂಬಿದ ಫಿಟ್ಜ್‌ಹ್ಯೂ ಗೋಲ್ಡ್ಸ್‌ಬರೊ ಎಂಬ ಪಿಟೀಲು ವಾದಕ, 1911ರ ಜನವರಿ 23ರಂದು ನ್ಯೂಯಾರ್ಕಿನ ಗ್ರಾಮರ್ಸಿ ಪಾರ್ಕ್ ಬಳಿ ಫಿಲಿಪ್ಸ್‌ನ ಮೇಲೆ ಆರು ಗುಂಡು ಹಾರಿಸಿ, ಅಲ್ಲಿಯೇ ತಾನೂ ಗುಂಡು ಹಾರಿಸಿಕೊಂಡು ಸತ್ತ. ಫಿಲಿಪ್ಸ್ ಮರುದಿನ ತೀರಿಕೊಂಡ. ಅವನಿಗೆ 43 ವರ್ಷ.

ಆ ವಾದಕನ ಮನಸ್ಸು ಸ್ವಸ್ಥವಾಗಿರಲಿಲ್ಲ, ನಿಜ, ಮತ್ತು ಕಾದಂಬರಿ ಬರೆದವರಿಗೆಲ್ಲ ಗುಂಡೇಟು ಕಾದಿದೆಯೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ನಾನು ತಿಳಿಸಿ ಹೇಳಬೇಕಾದ ವಿಷಯ ಬೇರೆ: ಪಾತ್ರ ಯಾರೆಂಬುದನ್ನು ತೀರ್ಮಾನಿಸುವವನು ಲೇಖಕನಲ್ಲ, ಓದುಗ. ಹೆಸರು ಬದಲಿಸಿದಾಗ ನಿಮ್ಮ ಮನಸ್ಸಿನಲ್ಲಿದ್ದ ವ್ಯಕ್ತಿಯೂ ಅಡಗುವುದಿಲ್ಲ, ನಿಮ್ಮ ಮನಸ್ಸಿನಲ್ಲಿಲ್ಲದ ಇನ್ನೊಬ್ಬ ಅಲ್ಲಿ ತನ್ನ ಮುಖ ಕಾಣುವುದೂ ತಪ್ಪುವುದಿಲ್ಲ. ಇಂಗ್ಲೆಂಡಿನ ಕಾನೂನು ಆ ಕಾಲದಲ್ಲೇ ಇದನ್ನು ಕಠಿಣವಾಗಿ ಹೇಳಿತ್ತು. ಪತ್ರಿಕೆಯೊಂದರ ಲಘುಬರಹದಲ್ಲಿ ಕಲ್ಪಿತ ಪಾತ್ರವೊಂದಕ್ಕೆ ಆರ್ಟಿಮಸ್ ಜೋನ್ಸ್ ಎಂಬ ಹೆಸರು ಬಂದಿತ್ತು. ಅದೇ ಹೆಸರಿನ ನಿಜವಾದ ಬ್ಯಾರಿಸ್ಟರ್ ಮೊಕದ್ದಮೆ ಹೂಡಿ 1,750 ಪೌಂಡ್ ಪರಿಹಾರ ಪಡೆದ. ಉದ್ದೇಶವಿರಲಿಲ್ಲವೆಂಬ ಪತ್ರಿಕೆಯ ವಾದವನ್ನು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾನೂನು ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ; ನಾನು ಸಂಪಾದಕನೇ ಹೊರತು ವಕೀಲನಲ್ಲ, ಅನುಮಾನವಿದ್ದ ಪುಟವನ್ನು ವಕೀಲರಿಗೆ ತೋರಿಸಲೇಬೇಕು.

ಒಂದು ಹಸ್ತಪ್ರತಿಯಲ್ಲಿ ಮಂತ್ರಿಯ ಹೆಸರು ಬದಲಾಗಿತ್ತು, ಪಕ್ಷ ಬದಲಾಗಿತ್ತು, ಜಿಲ್ಲೆಯೂ ಬದಲಾಗಿತ್ತು. ಆದರೆ ಮಾತಿನ ನಡುವೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುವ ಅಭ್ಯಾಸ, ಎಡಗಿವಿ ಮಂದವಾಗಿರುವುದು, ಪ್ರತಿ ಕಡತವನ್ನೂ "ನೋಡೋಣ ಬಿಡಿ" ಎಂದು ಬದಿಗೆ ಸರಿಸುವುದು ಹಾಗೇ ಉಳಿದಿದ್ದವು. ಬೆರಳಚ್ಚು ಮಾಡಿದ ಹುಡುಗಿಯೇ ಆತ ಯಾರೆಂದು ನನಗೆ ಹೇಳಿದಳು. ಲೇಖಕರಿಗೆ ಆ ಮನುಷ್ಯನ ಮೇಲೆ ಒಳಗೊಳಗೇ ಅಕ್ಕರೆಯೂ ಇತ್ತೆಂದು ನನ್ನ ಅನುಮಾನ. ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಬರೆಯಲಾಗದು. ಆದರೆ ಮೂರನೆಯ ಅಧ್ಯಾಯದಲ್ಲಿ ಅದೇ ಕನ್ನಡಕದವನು ಲಂಚ ಪಡೆಯುತ್ತಾನೆ, ಅದಕ್ಕೆ ಲೇಖಕರ ಬಳಿ ಒಂದು ಚೀಟಿಯ ಆಧಾರವೂ ಇರಲಿಲ್ಲ.

ದಾಖಲೆಯಿದ್ದರೆ ಅದು ಪತ್ರಿಕೆಗೆ ಸೇರಬೇಕು, ಹೆಸರಿನ ಸಮೇತ. ಕಾದಂಬರಿಗೆ ಸೇರಬೇಕಾದದ್ದು ವರದಿಗಾರ ಕಂಡಿದ್ದೂ ವರದಿಯಲ್ಲಿ ಹಿಡಿದಿಡಲಾಗದ ಸಂಗತಿ. 1905ರ 'ದಿ ಪ್ಲಮ್ ಟ್ರೀ'ಯಲ್ಲಿ ಫಿಲಿಪ್ಸ್ ಕಥೆ ಹೇಳುವ ಕೆಲಸವನ್ನು ರಾಜಕೀಯ ದಳ್ಳಾಳಿ ಹಾರ್ವಿ ಸೇಲರ್‌ನ ಬಾಯಿಗೇ ಕೊಟ್ಟ. ಭ್ರಷ್ಟನೊಬ್ಬ ತನ್ನ ಒಂದೊಂದು ರಾಜಿಯನ್ನೂ ತನಗೆ ತಾನೇ ಹೇಗೆ ಸಮರ್ಥಿಸಿಕೊಳ್ಳುತ್ತಾನೆ ಎಂಬುದಕ್ಕೆ ಯಾವ ತನಿಖಾ ಆಯೋಗವೂ ಸಾಕ್ಷ್ಯ ಒದಗಿಸಲಾರದು. ಫಿಲಿಪ್ಸ್ ತೀರಿಕೊಂಡ ಮೇಲೆ, 1917ರಲ್ಲಿ ಪುಸ್ತಕವಾಗಿ ಬಂದ 'ಸುಸಾನ್ ಲೆನಾಕ್ಸ್'ನಲ್ಲಿ ಇಡೀ ಸಮಾಜದ ಲೆಕ್ಕಾಚಾರವನ್ನು ಒಬ್ಬ ಬಡ ಹೆಣ್ಣಿನ ಬದುಕಿನ ಮೂಲಕ ಕಾಣಿಸಿದ್ದಾನೆ. ಹಸ್ತಪ್ರತಿ ತರುವವರಿಗೆ ನಾನು ಮೊದಲು ಓದಲು ಹೇಳುವುದು ಅದನ್ನೇ. ಎರಡು ಸಂಪುಟಗಳೆಂದು ಕೇಳಿದೊಡನೆ ಹೆಚ್ಚಿನವರು ಮಾತು ಬದಲಿಸುತ್ತಾರೆ.