ಪಿಸಿಒ2: ಎಬಿಜಿ ರಿಪೋರ್ಟಿನ ಈ ಅಂಕಿ ಏನು ಹೇಳುತ್ತದೆ?

ಎಬಿಜಿ ಎಂದರೆ ಅಪಧಮನಿ ರಕ್ತದ ಅನಿಲಗಳ ಪರೀಕ್ಷೆ. ಆ ರಕ್ತದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡವೇ ಪಿಸಿಒ2. ಸಹಜ ಮಟ್ಟ 35ರಿಂದ 45 ಎಂಎಂಎಚ್‌ಜಿ. ಉಸಿರಾಟ ಕುಗ್ಗಿದರೆ ಏರುತ್ತದೆ, ಜೋರಾಗಿ ಉಸಿರಾಡಿದರೆ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಇದು ಗೊತ್ತಾಗುವುದಿಲ್ಲ. ಆಕ್ಸಿಜನ್ ಹಚ್ಚಿದ ರೋಗಿಯ ಸ್ಯಾಚುರೇಶನ್ 98 ಇದ್ದು, ಪಿಸಿಒ2 80 ಮುಟ್ಟಿ ಮಂಪರು ಕವಿದಿರಬಹುದು.

ಎಲೆಕ್ಟ್ರೊಲೈಟ್ (ರಕ್ತದ ಲವಣಗಳ) ರಿಪೋರ್ಟಿನಲ್ಲೂ 'ಸಿಒ2' ಎಂಬ ಸಾಲಿರುತ್ತದೆ. ಅದು ಬೇರೆ. ಅಲ್ಲಿ ಅಳೆಯುವುದು ಒಟ್ಟು ಸಿಒ2, ಅದರಲ್ಲಿ ಬಹುಪಾಲು ಬೈಕಾರ್ಬನೇಟ್ ಎಂಬ ಕ್ಷಾರ. ಈ ಗೊಂದಲ ಜೀವಕ್ಕೇ ಮುಳುವಾಗಬಲ್ಲದು. 1952ರಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಾಮ್ ಆಸ್ಪತ್ರೆ ಪೋಲಿಯೊ ರೋಗಿಗಳಿಂದ ತುಂಬಿತ್ತು. ಅವರ ರಕ್ತದಲ್ಲಿ ಒಟ್ಟು ಸಿಒ2 ಹೆಚ್ಚಿದ್ದುದನ್ನು ಕಂಡ ವೈದ್ಯರು ರಕ್ತ ಕ್ಷಾರೀಯವಾಗಿದೆ ಎಂದುಕೊಂಡರು. ಉಸಿರು ಸಾಲದೆ ಸಿಒ2 ಒಳಗೇ ಉಳಿಯುತ್ತಿದೆ ಎಂದು ಗುರುತಿಸಿದವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್. ಗಂಟಲಿಗೆ ರಂಧ್ರ ಮಾಡಿ, ಕೈಯಿಂದ ಚೀಲ ಹಿಸುಕಿ ಗಾಳಿ ಕೊಟ್ಟಾಗ ರೋಗಿಗಳು ಉಳಿಯತೊಡಗಿದರು.

ಮಣಿಕಟ್ಟಿನ ಅಪಧಮನಿಯಿಂದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಇರುವ ಸಿರಿಂಜಿನಲ್ಲಿ 1–2 ಎಂಎಲ್ ರಕ್ತ ಸಾಕು. ಕೆಡುವುದು ಆಮೇಲೆ. ಒಳಗೆ ಗಾಳಿಗುಳ್ಳೆ ಉಳಿದರೆ ಸಿಒ2 ಅದರೊಳಕ್ಕೆ ಸೋರಿ ಅಂಕಿ ಸುಳ್ಳಾಗಿ ಇಳಿಯುತ್ತದೆ. ಸಿರಿಂಜಿನ ತುದಿ ಮೇಲೆ ಮಾಡಿ, ತಟ್ಟಿ, ಗುಳ್ಳೆಯನ್ನು ತಕ್ಷಣ ಹೊರದೂಡಿ ಮುಚ್ಚಳ ಹಾಕಬೇಕು. ದ್ರವ ಹೆಪಾರಿನ್ ಜಾಸ್ತಿಯಾದರೂ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ. ತಡವಾದರೆ ತಿರುಗುಮುರುಗು: ರಕ್ತಕಣಗಳು ಸಿರಿಂಜಿನಲ್ಲೂ ಸಿಒ2 ಉತ್ಪಾದಿಸುತ್ತಲೇ ಇರುವುದರಿಂದ ಅಂಕಿ ಏರುತ್ತದೆ. ಪ್ಲಾಸ್ಟಿಕ್ ಸಿರಿಂಜಾದರೆ 30 ನಿಮಿಷದೊಳಗೆ ಯಂತ್ರಕ್ಕೆ ಹಾಕಿ. ಚುಚ್ಚಿದ ಜಾಗವನ್ನು ಕನಿಷ್ಠ 5 ನಿಮಿಷ ಒತ್ತಿ ಹಿಡಿಯಲೇಬೇಕು.

ಪಿಸಿಒ2 ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಪಕ್ಕದ ಪಿಎಚ್ ನೋಡಿ; ಅದು ಇಳಿದಷ್ಟೂ ರಕ್ತ ಆಮ್ಲೀಯ. ಪಿಸಿಒ2 60, ಬೈಕಾರ್ಬನೇಟ್ 34, ಪಿಎಚ್ 7.37 ಇದ್ದರೆ ಬಹುಶಃ ಹಳೆಯ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ). ಮೂತ್ರಪಿಂಡ ಬೈಕಾರ್ಬನೇಟ್ ಕೂಡಿಟ್ಟು ಸರಿದೂಗಿಸಿದೆ. ಅದೇ 60ಕ್ಕೆ ಬೈಕಾರ್ಬನೇಟ್ 25, ಪಿಎಚ್ 7.24 ಬಂದರೆ ಈಗಷ್ಟೇ ಉಸಿರು ಸೋಲುತ್ತಿದೆ.

ಎಲ್ಲಕ್ಕಿಂತ ಮೋಸ ಮಾಡುವುದು ತೀವ್ರ ಆಸ್ತಮಾದಲ್ಲಿ ಬರುವ 'ನಾರ್ಮಲ್' 40. ಅಷ್ಟು ಏದುಸಿರು ಬಿಡುವವರಲ್ಲಿ ಅದು 35ಕ್ಕಿಂತ ಕೆಳಗಿರಬೇಕಿತ್ತು. 40 ಕಂಡರೆ ರೋಗಿ ದಣಿಯುತ್ತಿದ್ದಾರೆ ಎಂದರ್ಥ. ಐಸಿಯುಗೆ ಆಗಲೇ ಫೋನ್ ಮಾಡಬೇಕು.