ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾಕ್ಕೆ ಕಾಯುವಾಗ ಮಾಡಬೇಕಾದ ಲೆಕ್ಕ

24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (35 ಎಂಎಂ ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಬಳಸುತ್ತಿರುವವರಿಗೆ 61 ಮೆಗಾಪಿಕ್ಸೆಲ್‌ನ ಹೊಸ ಮಾದರಿಯ ಘೋಷಣೆ ಓದಿದ ಕೂಡಲೇ ಎರಡೂವರೆ ಪಟ್ಟು ವಿವರ ಸಿಗುತ್ತದೆ ಎನ್ನಿಸುತ್ತದೆ. ಪಿಕ್ಸೆಲ್‌ಗಳ ಒಟ್ಟು ಸಂಖ್ಯೆ ಎರಡೂವರೆ ಪಟ್ಟು ಹೌದು. ಆದರೆ ಅವು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುತ್ತವೆ. 24 ಮೆಗಾಪಿಕ್ಸೆಲ್ ಚಿತ್ರದ ಉದ್ದ 6000 ಪಿಕ್ಸೆಲ್, 61ರದ್ದು 9504. ಅಂದರೆ ಕಣ್ಣಿಗೆ ಕಾಣುವ ಹೆಚ್ಚಳ 1.58 ಪಟ್ಟು. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 20 ಇಂಚಿನ ಪ್ರಿಂಟ್ ಸುಮಾರು 31.7 ಇಂಚಿಗೆ ಬೆಳೆಯುತ್ತದೆ. ದೊಡ್ಡ ಪ್ರಿಂಟ್ ಮಾಡುವವರಿಗೆ, ಚಿತ್ರದ ಒಂದು ಭಾಗವನ್ನಷ್ಟೇ ಕತ್ತರಿಸಿ ಬಳಸುವವರಿಗೆ, ಕಲಾಕೃತಿ ಹಸ್ತಪ್ರತಿಗಳ ಪ್ರತಿ ತೆಗೆಯುವವರಿಗೆ ಇದು ನಿಜವಾದ ಲಾಭ. ಫೋನಿನ ಪರದೆಯ ಮೇಲೆ ಮಾತ್ರ ಚಿತ್ರ ತೋರಿಸುವವರಿಗೆ ಈ ಲಾಭ ಕಾಣಿಸುವುದೇ ಇಲ್ಲ.

ಘೋಷಣೆಗೂ ಮಾರಾಟಕ್ಕೂ ನಡುವೆ ಸಮಯ ಹಿಡಿಯುತ್ತದೆ. ಕ್ಯಾನನ್ ತನ್ನ 50.6 ಮೆಗಾಪಿಕ್ಸೆಲ್‌ನ 5ಡಿಎಸ್ ಅನ್ನು 2015ರ ಫೆಬ್ರುವರಿಯಲ್ಲಿ ಪ್ರಕಟಿಸಿತು, ಅದು ಗ್ರಾಹಕರ ಕೈಸೇರಿದ್ದು ಜೂನ್‌ನಲ್ಲಿ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100 ತಯಾರಿಯ ಸುದ್ದಿ 2018ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು, ಅಧಿಕೃತ ಬಿಡುಗಡೆ 2019ರ ಮೇ ತಿಂಗಳಲ್ಲಾಯಿತು. ಈ ವಾರಗಳನ್ನೂ ತಿಂಗಳುಗಳನ್ನೂ ವದಂತಿ ಓದುವುದರಲ್ಲಿ ಕಳೆಯಬೇಕಿಲ್ಲ. ಲೆನ್ಸ್, ಟ್ರೈಪಾಡ್, ಫೋಕಸ್ ಮಾಡುವ ರೀತಿ, ಕಾರ್ಡ್, ಕಂಪ್ಯೂಟರ್ ಇವುಗಳಲ್ಲಿ ಯಾವುದು ಆ 1.58 ಪಟ್ಟನ್ನು ಹೊರಬಲ್ಲದು, ಯಾವುದು ಅದನ್ನು ನುಂಗಿಹಾಕುತ್ತದೆ ಎಂಬುದನ್ನು ಹೊಸ ಕ್ಯಾಮೆರಾ ಬರುವ ಮೊದಲೇ ಅಳೆದು ತಿಳಿಯಬಹುದು.

ಮೊದಲು ಲೆನ್ಸ್. ಇದಕ್ಕೊಂದು ಸುಲಭದ ಉಪಾಯವಿದೆ. 24 ಮೆಗಾಪಿಕ್ಸೆಲ್‌ನದೇ ಆದರೂ ಚಿಕ್ಕ ಸೆನ್ಸರ್ ಇರುವ ಎಪಿಎಸ್-ಸಿ ಕ್ಯಾಮೆರಾದ ಪಿಕ್ಸೆಲ್ ಅಗಲ ಸುಮಾರು 3.9 ಮೈಕ್ರಾನ್. 61 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರ್‌ನಲ್ಲಿ ಅದು 3.76 ಮೈಕ್ರಾನ್. ಎರಡೂ ಹೆಚ್ಚುಕಡಿಮೆ ಒಂದೇ. ನಿಮ್ಮ ಲೆನ್ಸ್ ಕೂರುವ ಅದೇ ಮೌಂಟ್‌ನ ಎಪಿಎಸ್-ಸಿ ಬಾಡಿಯೊಂದನ್ನು ಒಂದು ದಿನದ ಮಟ್ಟಿಗೆ ಎರವಲು ತಂದು, ನಿಮ್ಮ ಫುಲ್‌ಫ್ರೇಮ್ ಲೆನ್ಸನ್ನು ಅದಕ್ಕೆ ಹಾಕಿ ತೆಗೆದರೆ, ಹೊಸ ಕ್ಯಾಮೆರಾದಲ್ಲಿ ಆ ಲೆನ್ಸಿನ ನಡುಭಾಗ ಹೇಗೆ ಕಾಣುತ್ತದೆ ಎಂಬುದು ಈಗಲೇ ಕಣ್ಣೆದುರಿಗೆ ಬರುತ್ತದೆ. ಟ್ರೈಪಾಡ್ ಮೇಲಿಟ್ಟು, 2 ಸೆಕೆಂಡಿನ ಟೈಮರ್ ಹಾಕಿ, ಪೂರ್ಣ ತೆರೆದ ಅಪರ್ಚರ್‌ನಿಂದ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಫ್/11ರವರೆಗೆ ಒಂದೊಂದು ಸ್ಟಾಪ್, ಅಂದರೆ ಪ್ರತಿ ಸಲ ಬೆಳಕು ಅರ್ಧಕ್ಕಿಳಿಯುವಂತೆ, ಇಳಿಸುತ್ತ ಹೋಗಿ. ಪ್ರತಿ ಅಪರ್ಚರ್‌ಗೂ ಮೂರು ಸಲ ಹೊಸದಾಗಿ ಫೋಕಸ್ ಮಾಡಿ ತೆಗೆಯಿರಿ; ಒಂದೇ ಚಿತ್ರ ತೆಗೆದರೆ ಫೋಕಸ್ ತಪ್ಪಿದ್ದನ್ನು ಲೆನ್ಸಿನ ದೋಷವೆಂದು ಎಣಿಸುವ ಅಪಾಯವಿದೆ. ಎಫ್/5.6ರಲ್ಲೂ ಚಿತ್ರ ನೂರು ಪ್ರತಿಶತ ಹಿಗ್ಗಿಸಿದಾಗ ಮೆತ್ತಗೆ ಕಂಡರೆ, ಹಣ ಮೊದಲು ಹೋಗಬೇಕಾದ್ದು ಲೆನ್ಸಿಗೆ.

ಮೂಲೆಗಳು ಈ ಉಪಾಯದಿಂದ ಕಾಣುವುದಿಲ್ಲ, ಚಿಕ್ಕ ಸೆನ್ಸರ್ ಅವನ್ನು ಕತ್ತರಿಸಿಬಿಡುತ್ತದೆ. ಅದಕ್ಕೆ ಈಗಿರುವ ಫುಲ್‌ಫ್ರೇಮ್ ಕ್ಯಾಮೆರಾ ಸಾಕು. ದೂರದ ಒಂದು ಕಟ್ಟಡವನ್ನೋ ಗೋಪುರವನ್ನೋ ಆರಿಸಿಕೊಂಡು, ಅದನ್ನು ಚೌಕಟ್ಟಿನ ನಾಲ್ಕು ಮೂಲೆಗಳಿಗೂ ಒಂದೊಂದಾಗಿ ತಂದು, ಪ್ರತಿ ಸಲವೂ ಆ ಮೂಲೆಯಲ್ಲೇ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಮಟ್ಟದಲ್ಲಿ ಮಂದವಾಗಿದ್ದರೆ ಅದು ಲೆನ್ಸಿನ ವಿನ್ಯಾಸದ ಮಿತಿ. ಒಂದೇ ಮೂಲೆ ಉಳಿದ ಮೂರಕ್ಕಿಂತ ಮಂದವಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ ಎಂದರ್ಥ. ಆ ಲೆನ್ಸನ್ನು ಈಗಲೇ ರಿಪೇರಿಗೆ ಕೊಡಿ. ಹೊಸ ಸೆನ್ಸರ್ ಆ ಓರೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ.

ಅಪರ್ಚರ್ ಕಿರಿದಾಗಿಸುವ ಅಭ್ಯಾಸವನ್ನೂ ಬದಲಿಸಿಕೊಳ್ಳಬೇಕಾಗುತ್ತದೆ. ಕಿರಿದಾದ ಕಿಂಡಿಯಲ್ಲಿ ಹಾದ ಬೆಳಕು ಹರಡಿಕೊಳ್ಳುತ್ತದೆ. ಶಾಲೆಯ ಭೌತಶಾಸ್ತ್ರದಲ್ಲಿ ಓದಿದ ವಿವರ್ತನೆ ಅದೇ. ಹಸಿರು ಬೆಳಕಿನ ಒಂದು ಚುಕ್ಕೆ ಎಫ್/8ರಲ್ಲಿ ಸುಮಾರು 10.7 ಮೈಕ್ರಾನ್ ಅಗಲದ ಬಿಲ್ಲೆಯಾಗುತ್ತದೆ, ಎಫ್/16ರಲ್ಲಿ 21.5 ಮೈಕ್ರಾನ್. ಇದು ಎಷ್ಟು ಒಳ್ಳೆಯ ಲೆನ್ಸಿಗೂ ತಪ್ಪಿದ್ದಲ್ಲ. ಇನ್ನೊಂದು ರೀತಿಯಲ್ಲಿ ನೋಡಿದರೆ, ಎಫ್/16ರಲ್ಲಿ ಮಿಲಿಮೀಟರಿಗೆ ಸುಮಾರು 114 ಜೋಡಿ ಕಪ್ಪು-ಬಿಳಿ ಗೆರೆಗಳಿಗಿಂತ ಸೂಕ್ಷ್ಮವಾದ ವಿವರವನ್ನು ಯಾವ ಲೆನ್ಸೂ ದಾಟಿಸಲಾರದು. 3.76 ಮೈಕ್ರಾನ್ ಪಿಕ್ಸೆಲ್‌ನ ಸೆನ್ಸರ್‌ಗಾದರೋ 133ರವರೆಗೆ ಗುರುತಿಸುವ ಶಕ್ತಿಯಿದೆ. ಹಾಗಾಗಿ ಎಫ್/16ರಲ್ಲೇ ಸದಾ ಕೆಲಸ ಮಾಡುವವರು ಈ ಸೆನ್ಸರ್‌ನ ಮೇಲ್ತುದಿಯ ಶಕ್ತಿಯನ್ನು ಎಂದೂ ಮುಟ್ಟುವುದಿಲ್ಲ. ಚಿತ್ರ ಹಳೆಯ ಕ್ಯಾಮೆರಾದ ಚಿತ್ರಕ್ಕಿಂತ ಕೆಡುವುದಿಲ್ಲ ನಿಜ, ಆದರೆ ಕೊಟ್ಟ ಹಣಕ್ಕೆ ತಕ್ಕಂತೆ ಏರುವುದೂ ಇಲ್ಲ. ಎಫ್/5.6ರಿಂದ ಎಫ್/8ರ ನಡುವೆ ಕೆಲಸ ಮಾಡಿ, ಆಳ (ಹತ್ತಿರದಿಂದ ದೂರದವರೆಗೆ ಸ್ಪಷ್ಟವಾಗಿ ಕಾಣುವ ವ್ಯಾಪ್ತಿ) ಸಾಲದಿದ್ದರೆ ಬೇರೆಬೇರೆ ದೂರಕ್ಕೆ ಫೋಕಸ್ ಮಾಡಿದ ಹಲವು ಚಿತ್ರಗಳನ್ನು ಒಂದುಗೂಡಿಸುವುದನ್ನು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಮೇಲು.

ಆಳದ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಲೆನ್ಸಿನ ಮೇಲಿನ ಗುರುತುಗಳು, ಫುಲ್‌ಫ್ರೇಮ್‌ನ ಸಾಮಾನ್ಯ ಕೋಷ್ಟಕಗಳು 0.03 ಮಿಲಿಮೀಟರ್ ಮಸುಕನ್ನು ಸ್ಪಷ್ಟವೆಂದೇ ಎಣಿಸುತ್ತವೆ. ಅದು ಸಾಧಾರಣ ಗಾತ್ರದ ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವ ಕಾಲದ ಅಳತೆ. 3.76 ಮೈಕ್ರಾನ್ ಸೆನ್ಸರ್‌ನಲ್ಲಿ 0.03 ಮಿಲಿಮೀಟರ್ ಎಂದರೆ 8 ಪಿಕ್ಸೆಲ್. 35 ಎಂಎಂ ಲೆನ್ಸ್ ಎಫ್/8ರಲ್ಲಿದ್ದಾಗ ಆ ಕೋಷ್ಟಕದ ಪ್ರಕಾರ ಸುಮಾರು 5.1 ಮೀಟರಿಗೆ ಫೋಕಸ್ ಮಾಡಿದರೆ ಅನಂತದವರೆಗೂ ಎಲ್ಲವೂ ಸ್ಪಷ್ಟ. ಎರಡು ಪಿಕ್ಸೆಲ್‌ನಷ್ಟು ಮಸುಕನ್ನು ಮಾತ್ರ ಒಪ್ಪುವುದಾದರೆ ಅದೇ ದೂರ ಸುಮಾರು 20 ಮೀಟರಿಗೆ ಏರುತ್ತದೆ. ಭೂದೃಶ್ಯ ತೆಗೆಯುವವರು ಹೊಸ ಕ್ಯಾಮೆರಾ ಬಂದ ಮೇಲೆ ‘ದೂರದ ಬೆಟ್ಟ ಮಂದವಾಗಿದೆ’ ಎಂದು ಲೆನ್ಸನ್ನು ದೂರುವುದಕ್ಕೆ ಬಹುಪಾಲು ಇದೇ ಕಾರಣ.

ಕೈ ಅದುರುವ ವಿಷಯಕ್ಕೆ ಬಂದರೆ, 50 ಎಂಎಂ ಲೆನ್ಸ್ ಹಾಕಿದ 61 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ಡಿಗ್ರಿಯ 230ರಲ್ಲಿ ಒಂದು ಪಾಲು ತಿರುಗಿದರೂ ಬಿಂಬ ಒಂದು ಪಿಕ್ಸೆಲ್ ಸರಿಯುತ್ತದೆ. 50 ಎಂಎಂಗೆ 1/50 ಸೆಕೆಂಡ್ ಸಾಕು ಎಂಬ ಹಳೆಯ ನಿಯಮ ಇಲ್ಲಿ ಕೈಕೊಡುತ್ತದೆ. ಸ್ಟೆಬಿಲೈಸರ್ ಇಲ್ಲದಿದ್ದರೆ 1/125, ಸಾಧ್ಯವಾದರೆ 1/200 ಇಟ್ಟುಕೊಳ್ಳಿ. ಸ್ಟೆಬಿಲೈಸರ್ ಕ್ಯಾಮೆರಾದ ಅದುರುವಿಕೆಯನ್ನು ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. ನಿಮ್ಮ ಕೈ ಎಷ್ಟು ಗಟ್ಟಿ ಎಂದು ತಿಳಿಯಲು ಗೋಡೆಗೆ ಸಣ್ಣಕ್ಷರದ ಮುದ್ರಿತ ಹಾಳೆಯೊಂದನ್ನು ಅಂಟಿಸಿ, 1/60, 1/125, 1/250 ವೇಗಗಳಲ್ಲಿ ಹತ್ತತ್ತು ಚಿತ್ರ ಕೈಯಲ್ಲಿ ಹಿಡಿದೇ ತೆಗೆಯಿರಿ. ಆಮೇಲೆ ಟ್ರೈಪಾಡ್ ಮೇಲೊಂದು. ಹತ್ತರಲ್ಲಿ ಎಷ್ಟು ಟ್ರೈಪಾಡ್ ಚಿತ್ರಕ್ಕೆ ಸಮನಾಗಿವೆ ಎಂದು ಎಣಿಸಿ ಬರೆದಿಡಿ. ಈಗಿನ 24 ಮೆಗಾಪಿಕ್ಸೆಲ್‌ನಲ್ಲೇ ಅರ್ಧಕ್ಕರ್ಧ ಸೋಲುತ್ತಿದ್ದರೆ, ಹೊಸ ಕ್ಯಾಮೆರಾ ಆ ಮಸುಕನ್ನೇ ಹೆಚ್ಚು ಪಿಕ್ಸೆಲ್‌ಗಳಲ್ಲಿ ದಾಖಲಿಸಿಕೊಡುತ್ತದೆ.

ಟ್ರೈಪಾಡ್ ಮೇಲಿಟ್ಟರೂ ಅದುರುವಿಕೆ ಪೂರ್ತಿ ನಿಲ್ಲುವುದಿಲ್ಲ. ಮೆಕ್ಯಾನಿಕಲ್ ಶಟರ್‌ನ ಪರದೆ ಬಡಿಯುವ ಪೆಟ್ಟು ಕೆಲವು ನಿಧಾನ ವೇಗಗಳಲ್ಲಿ ಎರಡೆರಡು ಗೆರೆ ಮೂಡಿಸುತ್ತದೆ. ಮೊದಲ ಪರದೆ ಎಲೆಕ್ಟ್ರಾನಿಕ್ ಆಗಿರುವ ಆಯ್ಕೆ ಹಾಕಿದರೆ ಈ ತೊಂದರೆ ಹೋಗುತ್ತದೆ. ಪೂರ್ಣ ಎಲೆಕ್ಟ್ರಾನಿಕ್ ಶಟರ್ ಬೇರೆಯೇ ಬಗೆಯದು: ಹೆಚ್ಚು ಪಿಕ್ಸೆಲ್‌ನ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಓದಿ ಮುಗಿಸಲು ಹೆಚ್ಚು ಹೊತ್ತು ಹಿಡಿಯುವುದರಿಂದ ಓಡುವ ವಸ್ತು ಓರೆಯಾಗುತ್ತದೆ, ವಿದ್ಯುದ್ದೀಪದಡಿ ಪಟ್ಟೆಗಳು ಬೀಳುತ್ತವೆ. ಕೆಲವು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಇಲ್ಲವೇ ಅತಿ ವೇಗದ ಸರಣಿಯಲ್ಲಿ ಛಾಯೆಗಳನ್ನು ದಾಖಲಿಸುವ ಸೂಕ್ಷ್ಮತೆಯನ್ನು ತಗ್ಗಿಸಿ 14 ಬಿಟ್‌ನಿಂದ 12 ಬಿಟ್‌ಗೆ ಇಳಿಯುತ್ತವೆ. ಇಂಥದ್ದೆಲ್ಲ ಘೋಷಣೆಯ ದೊಡ್ಡ ಅಕ್ಷರಗಳಲ್ಲಿ ಇರುವುದಿಲ್ಲ, ತಾಂತ್ರಿಕ ವಿವರಗಳ ಅಡಿಟಿಪ್ಪಣಿಯಲ್ಲಿ ಇರುತ್ತದೆ. ಅಲ್ಲೇ ಹುಡುಕಿ.

ಫೈಲುಗಳ ಭಾರವನ್ನು ಬಹಳ ಜನ ಕಡೆಗಣಿಸುತ್ತಾರೆ. ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಇಡುವ ರಾ ಫೈಲ್, ಸಂಕುಚನವಿಲ್ಲದಿದ್ದರೆ, 61 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 120 ಎಂಬಿ. ಸೆಕೆಂಡಿಗೆ ಹತ್ತರಂತೆ ತೆಗೆದರೆ 1.2 ಜಿಬಿ. ಯುಎಚ್‌ಎಸ್-2 ಕಾರ್ಡಿನ ದಾರಿಯ ಗರಿಷ್ಠ ವೇಗವೇ ಸೆಕೆಂಡಿಗೆ 312 ಎಂಬಿ, ಯುಎಚ್‌ಎಸ್-1ರದ್ದು 104. ಕಾರ್ಡಿನ ಮೇಲಿನ ವಿ90 ಗುರುತು ಭರವಸೆ ಕೊಡುವುದು ಸೆಕೆಂಡಿಗೆ ಕನಿಷ್ಠ 90 ಎಂಬಿಯ ಸತತ ಬರವಣಿಗೆಯನ್ನು ಮಾತ್ರ. ಹೀಗಾಗಿ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಚಿತ್ರಗಳು ತಂಗುವ ಕ್ಯಾಮೆರಾದೊಳಗಿನ ಜಾಗ) ತುಂಬಿದ ಮೇಲೆ ಕ್ಯಾಮೆರಾ ಏದುಸಿರು ಬಿಡುವುದು ಸಹಜ. ಗುಣ ಕೆಡದ ಸಂಕುಚನದ ಆಯ್ಕೆ ಹೊಸ ಮಾದರಿಯಲ್ಲಿ ಇದೆಯೇ ಎಂದು ಮೊದಲು ನೋಡಿ; ಇದ್ದರೆ ಭಾರ ಎಷ್ಟೋ ಇಳಿಯುತ್ತದೆ. ಒಂದು ದಿನದ ಸಾವಿರ ಚಿತ್ರ ಸಂಕುಚನವಿಲ್ಲದೆ 120 ಜಿಬಿ, ಅದಕ್ಕೆರಡು ಬ್ಯಾಕಪ್ ಸೇರಿದರೆ 360 ಜಿಬಿ. ಫೋಟೋಶಾಪ್‌ನಲ್ಲಿ 16 ಬಿಟ್‌ನಲ್ಲಿ ತೆರೆದ ಒಂದೊಂದು ಪೂರ್ಣ ಪದರವೂ ಸುಮಾರು 360 ಎಂಬಿ ಹಿಡಿಯುತ್ತದೆ. ಐದಾರು ಪದರ ಆಗುವಷ್ಟರಲ್ಲಿ ಫೋಟೋಶಾಪ್‌ನ ಸಾಮಾನ್ಯ ಫೈಲ್ ಬಗೆಯಾದ ಪಿಎಸ್‌ಡಿಯ 2 ಜಿಬಿ ಮಿತಿ ಹತ್ತಿರವಾಗುತ್ತದೆ, ಆಗ ದೊಡ್ಡ ಫೈಲುಗಳಿಗೆಂದೇ ಇರುವ ಪಿಎಸ್‌ಬಿಯಲ್ಲಿ ಉಳಿಸಬೇಕು. 16 ಜಿಬಿ ರ‍್ಯಾಮ್‌ನ ಯಂತ್ರ ಕುಂಟುತ್ತದೆ. 32 ಜಿಬಿ ಇರಲಿ.

ಹೊಸ ಕ್ಯಾಮೆರಾದ ರಾ ಫೈಲನ್ನು ಲೈಟ್‌ರೂಮ್ ಆಗಲಿ ಕ್ಯಾಪ್ಚರ್ ಒನ್ ಆಗಲಿ ಮೊದಲ ದಿನವೇ ತೆರೆಯುತ್ತದೆ ಎಂದು ನಂಬಿಕೊಂಡು ಕೆಲಸ ಒಪ್ಪಿಕೊಳ್ಳಬೇಡಿ. ಪ್ರತಿ ಮಾದರಿಗೂ ಬಣ್ಣದ ಮಾಹಿತಿ, ಕಪ್ಪಿನ ಮಟ್ಟ ಬೇರೆ. ಅದನ್ನು ಅಳೆದು ಸೇರಿಸಿದ ಅಪ್‌ಡೇಟ್ ಬರುವವರೆಗೆ ತಯಾರಕರದೇ ಸಾಫ್ಟ್‌ವೇರ್ ಬಳಸಬೇಕು. ಫೈಲಿನೊಳಗಿನ ಮಾದರಿಯ ಹೆಸರನ್ನು ಹಳೆಯ ಕ್ಯಾಮೆರಾದ ಹೆಸರಿಗೆ ಬದಲಿಸಿ ತೆರೆಯುವ ಉಪಾಯವೊಂದು ಚಾಲ್ತಿಯಲ್ಲಿದೆ. ತೆರೆದರೂ ಚರ್ಮದ ಬಣ್ಣ, ನೆರಳಿನ ಛಾಯೆ ತಪ್ಪುತ್ತವೆ. ಕೆಲಸದ ಫೈಲುಗಳ ಮೇಲೆ ಇದನ್ನು ಮಾಡಲೇಬಾರದು. ಮೊದಲ ವಾರಗಳಲ್ಲಿ ರಾ ಜೊತೆಗೆ ಜೆಪೆಗ್ ಕೂಡ ಉಳಿಯುವಂತೆ ಇಟ್ಟುಕೊಂಡರೆ ಕೈ ಖಾಲಿಯಾಗುವುದಿಲ್ಲ.

ಘೋಷಣೆಯ ಜೊತೆ ಬರುವ ಮಾದರಿ ಚಿತ್ರಗಳು ಹಲವು ಸಲ ಅಂತಿಮವಲ್ಲದ ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದೊಳಗಿನ ತಂತ್ರಾಂಶ), ಅತ್ಯುತ್ತಮ ಲೆನ್ಸಿನಲ್ಲಿ, ಕಡಿಮೆ ಐಎಸ್‌ಒದಲ್ಲಿ (ಬೆಳಕಿನ ಸಂವೇದನೆಯ ಮಟ್ಟ) ತೆಗೆದವು. ಅವುಗಳಿಂದ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಹೋಲಿಸುವಾಗ ಎರಡು ಕ್ಯಾಮೆರಾಗಳ ಚಿತ್ರವನ್ನೂ ಒಂದೇ ಗಾತ್ರಕ್ಕೆ ತಂದುಕೊಳ್ಳಿ: 61 ಮೆಗಾಪಿಕ್ಸೆಲ್ ಚಿತ್ರವನ್ನು 24ಕ್ಕೆ ಇಳಿಸಿದಾಗ ಪಿಕ್ಸೆಲ್ ಮಟ್ಟದ ನಾಯ್ಸ್ ಸುಮಾರು 1.6 ಪಟ್ಟು ತಗ್ಗುತ್ತದೆ. ಹಾಗೆ ಮಾಡದೆ ನೂರು ಪ್ರತಿಶತದಲ್ಲಿ ನೋಡಿ ಹೊಸದನ್ನು ಹಳಿಯುವುದು ಅನ್ಯಾಯ.

ಮುಂಗಡ ಕಾದಿರಿಸುವುದಾದರೆ ರದ್ದು ಮಾಡುವ ಷರತ್ತನ್ನು ಬರಹದಲ್ಲಿ ಪಡೆಯಿರಿ. ಹಳೆಯ ಬ್ಯಾಟರಿ, ಕೇಬಲ್ ರಿಲೀಸ್ ಹೊಂದುತ್ತವೆಯೇ ಎಂದು ಈಗಲೇ ನೋಡಬಹುದು. ಕ್ಯಾಮೆರಾದ ಮೈಯ ಅಳತೆಗೆ ಸರಿಯಾಗಿ ಕೂರುವ ಎಲ್-ಬ್ರಾಕೆಟ್ (ಟ್ರೈಪಾಡಿಗೆ ಕೂರಿಸುವ ಎಲ್ ಆಕಾರದ ಪಟ್ಟಿ), ನೀರೊಳಗಿನ ಕವಚ ಇವನ್ನು ಮಾತ್ರ ಈಗ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಹಳೆಯ ಕ್ಯಾಮೆರಾವನ್ನು ಮಾರುವ ಆತುರವೂ ಬೇಡ. ಅದರ ಬೆಲೆ ಘೋಷಣೆಯ ನಂತರ ಇಳಿಯುತ್ತದೆ ಎಂಬುದು ಸರಿಯೇ. ಆದರೆ ಆ ಇಳಿಕೆ, ಒಪ್ಪಿಕೊಂಡ ಕೆಲಸಕ್ಕೆ ಕ್ಯಾಮೆರಾ ಇಲ್ಲದೆ ನಿಲ್ಲುವ ನಷ್ಟಕ್ಕಿಂತ ಚಿಕ್ಕದು.

ಪೆಟ್ಟಿಗೆ ಬಂದ ದಿನ ಫರ್ಮ್‌ವೇರ್ ಆವೃತ್ತಿ ನೋಡಿ, ಹೊಸದಿದ್ದರೆ ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಹಾಕಿಕೊಳ್ಳಿ. ಎರಡೂ ಕಾರ್ಡ್ ಸ್ಲಾಟ್‌ಗಳಲ್ಲಿ ಬರೆದು ಓದಿಸಿ. ಲೆನ್ಸಿನ ಮುಚ್ಚಳ ಹಾಕಿ ಐಎಸ್‌ಒ 100ರಲ್ಲಿ 1/60 ಸೆಕೆಂಡಿನ ಒಂದು ಚಿತ್ರ, 30 ಸೆಕೆಂಡಿನ ಇನ್ನೊಂದು ತೆಗೆಯಿರಿ. 30 ಸೆಕೆಂಡಿನದರಲ್ಲಿ ಕೆಲವು ಬಣ್ಣದ ಚುಕ್ಕೆಗಳು ಬರುವುದು ಸಹಜ. 1/60ರಲ್ಲೂ ಹೊಳೆಯುವ ಚುಕ್ಕೆ ಇದ್ದರೆ ಸೇವಾ ಕೇಂದ್ರಕ್ಕೆ ತೋರಿಸಬೇಕು. ಬಿಳಿ ಗೋಡೆಗೆ ಫೋಕಸ್ ತಪ್ಪಿಸಿ ಎಫ್/16ರಲ್ಲಿ ಒಂದು ಚಿತ್ರ ತೆಗೆದರೆ ಸೆನ್ಸರ್ ಮೇಲಿನ ದೂಳು, ಎಣ್ಣೆಯ ಹನಿ ಕಾಣುತ್ತವೆ. ಹೊಸ ಶಟರ್ ಮೊದಲ ಕೆಲವು ನೂರು ಚಿತ್ರಗಳಲ್ಲಿ ಇವನ್ನು ಉದುರಿಸುವುದುಂಟು, ಆದ್ದರಿಂದ ಐನೂರು ಚಿತ್ರದ ನಂತರ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಆಮೇಲೆ ಅದೇ ಗೋಡೆಯ ಹಾಳೆ, ಅದೇ ಗೋಪುರ, ಅದೇ ಲೆನ್ಸ್: ಕಾಯುವಾಗ ತೆಗೆದಿಟ್ಟ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲವನ್ನೂ ಮರಳಿ ತೆಗೆಯಿರಿ. ಹಿಂತಿರುಗಿಸಲು ಕೊಟ್ಟ ಗಡುವು ಮುಗಿಯುವ ಎರಡು ದಿನ ಮುಂಚೆಯಾದರೂ ಈ ಹೋಲಿಕೆ ಮುಗಿದಿರಬೇಕು.