ನಾಣಿಗೆ ತಿಳಿಯದ್ದು, ನಮಗೆ ತಿಳಿದದ್ದು: ‘ಘಟಶ್ರಾದ್ಧ’ದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಮಕ್ಕಳು ದೊಡ್ಡವರಾಗುವ ಕಥೆಯ ಸಿನಿಮಾಗಳು ಮನಸ್ಸನ್ನು ಇಷ್ಟು ಕಲಕುವುದೇಕೆ? ‘ನಮ್ಮ ಬಾಲ್ಯ ನೆನಪಾಗುತ್ತದೆ’ ಎಂದು ಬರೆದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ವೇದಪಾಠಶಾಲೆಯಲ್ಲಿ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಆದರೂ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡುವಾಗ ಗಂಟಲು ಕಟ್ಟುತ್ತದೆ.

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಚಿತ್ರವಿದು. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ನಾಣಿಗೆ ಅವರ ವಿಧವೆ ಮಗಳು ಯಮುನಾಳೇ ಆಸರೆ. ಅವಳು ಶಾಲೆಯ ಮೇಷ್ಟರಿಂದ ಬಸಿರಾಗಿದ್ದಾಳೆ. ನೋಡುವ ನಮಗೆ ಅದು ಬೇಗ ಹೊಳೆಯುತ್ತದೆ, ನಾಣಿಗೆ ಹೊಳೆಯುವುದಿಲ್ಲ. ಇಂಥ ಚಿತ್ರಗಳ ಸೆಳೆತವೆಲ್ಲ ಈ ಅಂತರದಲ್ಲಿದೆ ಎಂಬುದು ನನ್ನ ವಾದ.

ಹುತ್ತದ ದೃಶ್ಯವನ್ನು ಗಮನಿಸಿ. ಯಮುನಾ ಹುತ್ತದೊಳಗೆ ಕೈ ಹಾಕುತ್ತಾಳೆ. ಜೊತೆಗಿರುವ ಹುಡುಗನಿಗೆ ಹಾವಿನ ಭಯ, ನಮಗೆ ಅವಳು ಸಾಯಲು ಹೊರಟಿದ್ದಾಳೆಂಬ ಭಯ. ಒಂದೇ ಕ್ರಿಯೆ, ಎರಡು ಭಯ. ಅವನಿಗೆ ವಿವರಿಸಿ ಹೇಳುವವರು ಯಾರೂ ಇಲ್ಲ, ಪರದೆಯ ಈಚೆಗಿರುವ ನಾವೂ ಹೇಳಲಾರೆವು. ಆ ಅಸಹಾಯಕತೆಯೇ ನಮ್ಮನ್ನು ನಾಣಿಗೆ ಅಂಟಿಸುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಇಲ್ಲಿ ಎಷ್ಟು ಸಂಯಮದಿಂದ ಕೂಡಿದೆ ಎಂದರೆ, ಯಾರ ಕಣ್ಣಲ್ಲೂ ನೀರು ತರಿಸಲು ಅದು ಹೆಣಗುವುದಿಲ್ಲ.

ಕೊನೆಗೆ ತಂದೆಯೇ ಮಗಳ ಘಟಶ್ರಾದ್ಧ, ಅಂದರೆ ಬದುಕಿರುವವರನ್ನೇ ಸತ್ತರೆಂದು ಎಣಿಸಿ ಮಾಡುವ ಶ್ರಾದ್ಧ, ಮಾಡಿ ಅವಳನ್ನು ಜಾತಿಯಿಂದ ಹೊರಹಾಕುತ್ತಾರೆ. ತಲೆ ಬೋಳಿಸಿಕೊಂಡ ಯಮುನಾ ಅರಳಿಮರದಡಿ ಒಂಟಿಯಾಗಿ ಕೂತಿದ್ದಾಳೆ. ಅಪ್ಪನ ಜೊತೆ ಊರಿಗೆ ಹೊರಟ ನಾಣಿ ತಿರುಗಿ ನೋಡುತ್ತಾನೆ. ಅವನಿಗೆ ಎಲ್ಲವೂ ಅರ್ಥವಾಗಿರಲಾರದು, ಆದರೆ ದೊಡ್ಡವರು ಏನು ಮಾಡಬಲ್ಲರು ಎಂಬುದನ್ನು ಅವನು ಕಂಡಾಗಿದೆ. ಅಂತರ ಕಿರಿದಾಗುವುದು ಇಲ್ಲಿ, ಅದೂ ಇಂಥ ಬೆಲೆ ತೆತ್ತು.

ಹೋಲಿಕೆಗೆ ಫ್ರಾನ್ಸಿನ ತ್ರೂಫೋ ಅವರ ‘ದಿ 400 ಬ್ಲೋಸ್’ (1959) ನೋಡಿ. ಸುಧಾರಣಾ ಗೃಹದಿಂದ ತಪ್ಪಿಸಿಕೊಂಡ ಹುಡುಗ ಆಂತ್ವಾನ್ ಸಮುದ್ರದವರೆಗೆ ಓಡಿ, ಕ್ಯಾಮೆರಾದತ್ತ ತಿರುಗಿದಾಗ ಚಿತ್ರ ಅಲ್ಲೇ ಸ್ತಬ್ಧವಾಗುತ್ತದೆ. ನಾಣಿಯ ನೋಟ ಯಮುನಾಳತ್ತ, ಆಂತ್ವಾನನ ನೋಟ ನೇರವಾಗಿ ನಮ್ಮತ್ತ. ಎರಡರಲ್ಲೂ ಮುಂದೇನೆಂದು ನಿರ್ದೇಶಕರು ಹೇಳುವುದಿಲ್ಲ.

ಎರಡನೆಯ ಸಲ ‘ಘಟಶ್ರಾದ್ಧ’ ನೋಡುವಾಗ, ನಾಣಿ ಇಲ್ಲದ ದೃಶ್ಯಗಳು ಎಲ್ಲೆಲ್ಲಿ ಬರುತ್ತವೆ, ಅಲ್ಲಿ ನಮಗೆ ಮಾತ್ರ ತಿಳಿಯುವುದೇನು ಎಂದು ಗುರುತು ಹಾಕಿಕೊಳ್ಳಿ. ಪರೀಕ್ಷೆಯಲ್ಲಿ ದೃಷ್ಟಿಕೋನದ ಬಗ್ಗೆ ಪ್ರಶ್ನೆ ಬಂದರೆ ಆ ಪಟ್ಟಿಯಿಂದಲೇ ಉತ್ತರ ಆರಂಭಿಸಬಹುದು.